ಮೂರು ಗಂಟೆ ನಲವತ್ತು ನಿಮಿಷ

ಸಾಗರದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಜೆರಾಕ್ಸ್. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಲ್ಯಾಮಿನೇಷನ್, ಬಸ್ಸು ರೈಲಿನ ಟಿಕೆಟ್ ಎಲ್ಲವೂ ಅಲ್ಲೇ ನಡೆಯುತ್ತದೆ. ಇಪ್ಪತ್ತು ವರ್ಷ ಬೇರೆಯವರನ್ನು ಊರೂರಿಗೆ ಕಳಿಸಿ ಕಳಿಸಿ, ಪ್ರಯಾಣದ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಭ್ರಮೆ ಬಂದುಬಿಟ್ಟಿತ್ತು. ನಾನು ಶಿವಮೊಗ್ಗ ದಾಟಿ ಹೋಗಿದ್ದು ಮಾತ್ರ ಬೆರಳೆಣಿಕೆಯಷ್ಟು ಸಲ. ವಿಮಾನವನ್ನು ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿದ್ದೆನೇ ಹೊರತು ಹತ್ತಿರದಿಂದ ಕಂಡಿರಲಿಲ್ಲ. ಆದರೂ ಯಾರಾದರೂ ಬಂದು ಕೇಳಿದರೆ ಗೊತ್ತಿಲ್ಲ ಎಂದು ಹೇಳಿ ನನಗೆ ಅಭ್ಯಾಸವಿರಲಿಲ್ಲ.

ನನ್ನ ಮಗಳು ಬ್ಯಾಂಕಿನಲ್ಲಿ ಅಧಿಕಾರಿ. ಅವಳನ್ನು ಅಸ್ಸಾಮಿನ ದಿಬ್ರುಗಢದ ಶಾಖೆಗೆ ಹಾಕಿದರು. ಎರಡೇ ವರ್ಷ, ಆಮೇಲೆ ವರ್ಗ ಮಾಡಿಸಿಕೊಂಡು ಬರುತ್ತೇನೆ ಎಂದು ಹೋದವಳು ಅಲ್ಲಿಯ ಹುಡುಗನನ್ನೇ ಮೆಚ್ಚಿಕೊಂಡಳು. ಹುಡುಗನಲ್ಲಿ ತಪ್ಪು ಹುಡುಕಲು ನಾನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ, ಸಿಗಲಿಲ್ಲ. ಮದುವೆ ಅಲ್ಲಿಯೇ ಎಂದು ತೀರ್ಮಾನವಾಯಿತು. ಮಗಳು ಒಂದೇ ಒಂದು ಷರತ್ತು ಹಾಕಿದಳು. ಹಸೆಗೋಡೆಯನ್ನು ಅತ್ತೆಯೇ ಬಂದು ಬರೆಯಬೇಕು.

ಅತ್ತೆ ಎಂದರೆ ಹೊಸನಗರದ ಕಡೆಗೆ ಕೊಟ್ಟಿರುವ ನನ್ನ ಅಕ್ಕ. ನಮ್ಮವರಲ್ಲಿ ಮದುವೆಯ ಮನೆಯ ಒಂದು ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ನಡುವೆ ದಂಡಿಗೆ, ಅಂದರೆ ಪಲ್ಲಕ್ಕಿ. ಅದರೊಳಗೆ ಹೆಣ್ಣು ಗಂಡು. ಸುತ್ತಲೂ ಗೆರೆಗೆರೆಯ ಅಂಚು. ಮದುಮಗಳನ್ನು ಕೂರಿಸಿ ಅರಿಶಿನ ಹಚ್ಚುವುದು ಆ ಹಸೆಯ ಮುಂದೆಯೇ. ಅಕ್ಕ ಪುಂಡಿನಾರಿನ ಕುಂಚ ಹಿಡಿದು ಸುತ್ತಿನ ಎಷ್ಟೋ ಮನೆಗಳ ಹಸೆ ಬರೆದವಳು. ಮಗಳು ಪ್ರತಿ ಬೇಸಿಗೆ ರಜೆಯಲ್ಲೂ ಅವಳ ಹಿಂದೆ ಬಣ್ಣದ ಗರಟ ಹಿಡಿದುಕೊಂಡು ಮನೆಮನೆ ತಿರುಗಿದ್ದಳು. "ನಿನ್ ಹಸೆ ನಂದೇ ಕಣೇ, ಬೇರೆಯೋರ ಕೈಯಲ್ಲಿ ಬರೆಸಿದ್ರೆ ನೋಡು" ಎಂದು ಅಕ್ಕ ಆಗಲೇ ಹೇಳಿ ಇಟ್ಟಿದ್ದಳು.

ಮದುವೆಯ ಮಾತಾದ ಮೇಲೆ ನಾನು ಹೊಸನಗರಕ್ಕೆ ಹೋದಾಗ ಅಕ್ಕ ಕೇಳಿದ್ದು ಹುಡುಗನ ವಿಷಯವನ್ನಲ್ಲ.

"ಗೋಡೆಗೆ ಮಣ್ಣು ಬಳ್ದು ಒಣಗ್ಬೇಕು. ಆಮೇಲೆ ಬರೆಯೋಕೆ ನಂಗೆ ಒಂದು ಇಡೀ ದಿನ ಬೇಕು. ಎಷ್ಟು ದೂರ ಅದು?"

ನಾನು ಗತ್ತಿನಿಂದ ಫೋನ್ ತೆಗೆದೆ. ಶಿವಮೊಗ್ಗ ವಿಮಾನ ನಿಲ್ದಾಣ, ದಿಬ್ರುಗಢ ವಿಮಾನ ನಿಲ್ದಾಣ ಎಂದು ಬರೆದು ಒತ್ತಿದೆ. ಒಂದು ಪುಟ ತೆರೆದುಕೊಂಡಿತು. ದೂರ ಎರಡೂವರೆ ಸಾವಿರ ಕಿಲೋಮೀಟರಿನ ಆಸುಪಾಸು, ಹಾರಾಟದ ಸಮಯ ಮೂರು ಗಂಟೆ ನಲವತ್ತು ನಿಮಿಷ. ಭೂಪಟದ ಮೇಲೆ ಒಂದು ಚೆಂದದ ಬಾಗಿದ ಗೆರೆಯೂ ಇತ್ತು.

"ಮೂರು ಗಂಟೆ ನಲವತ್ತು ನಿಮಿಷ" ಎಂದೆ, ಆ ಗೆರೆಯನ್ನು ನಾನೇ ಎಳೆದವನ ಹಾಗೆ. "ಇಲ್ಲಿಂದ ಬೆಂಗ್ಳೂರಿಗೆ ಬಸ್ಸಲ್ಲಿ ಹೋಗೋದಕ್ಕಿಂತ ಬೇಗ ಅಕ್ಕ. ಬೆಳಿಗ್ಗೆ ಗಂಜಿ ಉಂಡು ಹೊರಟ್ರೆ ಮಧ್ಯಾಹ್ನದ ಊಟ ಅಲ್ಲಿ."

ಅಕ್ಕ ನನ್ನ ಮುಖ ನೋಡಿದಳು. ನಾನದನ್ನು ಮೆಚ್ಚುಗೆ ಎಂದುಕೊಂಡೆ. ಮುಂದಿನ ವಾರದೊಳಗೆ ಹೊಸನಗರದ ನೆಂಟರಿಗೂ ಸಾಗರದ ಗಿರಾಕಿಗಳಿಗೂ ಈ ಮೂರು ಗಂಟೆ ನಲವತ್ತು ನಿಮಿಷವನ್ನು ಹಂಚಿ ಮುಗಿಸಿದ್ದೆ. ಟಿಕೆಟ್ ಮಾಡಲು ಕುಳಿತಾಗ ಗೊತ್ತಾಯಿತು, ಅಂಥ ವಿಮಾನವೇ ಇಲ್ಲ.

ಪಾಪ, ಆ ಪುಟ ಸುಳ್ಳು ಹೇಳಿರಲಿಲ್ಲ. ಎರಡು ನಿಲ್ದಾಣಗಳ ನಡುವೆ ಗೆರೆ ಎಳೆದರೆ ಇಷ್ಟು ದೂರ, ಆ ದೂರವನ್ನು ವಿಮಾನವೊಂದು ಹಾರಿದರೆ ಇಷ್ಟು ಹೊತ್ತು ಎಂದಿತ್ತು. ಹಾರುತ್ತದೆ ಎಂದು ಎಲ್ಲೂ ಬರೆದಿರಲಿಲ್ಲ. ಲೋಕದಲ್ಲಿ ಬೇರೆ ಯಾರು ಇದನ್ನು ತಪ್ಪು ತಿಳಿದರೂ ಕ್ಷಮಿಸಬಹುದು. ನಾನು ತಿಳಿಯಬಾರದಿತ್ತು. ಯಾಕೆಂದರೆ ನಾನೂ ಅಕ್ಕನೂ ಹುಟ್ಟಿ ಬೆಳೆದದ್ದು ಶರಾವತಿಯ ಹಿನ್ನೀರಿನ ಆಚೆ ದಡದಲ್ಲಿ.

ನಮ್ಮ ದಡದಲ್ಲಿ ನಿಂತರೆ ಈಚೆ ದಡದಲ್ಲಿ ನಿಂತ ಸಾಗರದ ಬಸ್ಸು ಕಾಣುತ್ತಿತ್ತು. ಅದರ ಬಣ್ಣ ಕಾಣುತ್ತಿತ್ತು, ಅದು ಹೊರಟಾಗ ಎದ್ದ ಧೂಳು ಕಾಣುತ್ತಿತ್ತು. ಆದರೆ ಹಿನ್ನೀರು ದಾಟಿಸುವ ಲಾಂಚ್ ತಪ್ಪಿತೆಂದರೆ ಆ ಬಸ್ಸು ಬೇರೆ ದೇಶದಲ್ಲಿದ್ದ ಹಾಗೆಯೇ. ರಸ್ತೆಯಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದರೆ ನಿಟ್ಟೂರು, ನಗರ, ಹೊಸನಗರ ಎಲ್ಲ ಸುತ್ತಿ ಸಾಗರ ಸೇರುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಕಣ್ಣಿಗೆ ಕಾಣುವ ದೂರ ಒಂದು, ಕಾಲು ನಡೆಯುವ ದೂರ ಇನ್ನೊಂದು ಎಂಬುದನ್ನು ನಾವು ಅ ಆ ಕಲಿಯುವ ಮೊದಲೇ ಕಲಿತಿದ್ದೆವು. ಈಗ ಅಲ್ಲಿ ಸೇತುವೆಯಾಗಿದೆ. ಸೇತುವೆಯಾದ ಮೇಲೆ ನನ್ನ ಬುದ್ಧಿ ಸಡಿಲವಾಯಿತೋ ಏನೋ.

ಲಾಂಚಿನ ಕಾಲದ ಒಂದು ರೂಢಿಯನ್ನು ಇಲ್ಲಿ ಹೇಳಲೇಬೇಕು, ಮುಂದೆ ನನ್ನ ಮರ್ಯಾದೆ ಹೋದದ್ದು ಅದರಿಂದಲೇ. ಲಾಂಚ್ ಇನ್ನೇನು ಹೊರಡುತ್ತದೆ ಎನ್ನುವಾಗ ತಡವಾಗಿ ಬಂದವರು ಮೇಲಿನ ತಿರುವಿನಿಂದಲೇ ಹೆಗಲ ಮೇಲಿನ ಟವೆಲ್ ತೆಗೆದು ಬೀಸುತ್ತಿದ್ದರು. ಲಾಂಚಿನಲ್ಲಿದ್ದ ಯಾರಾದರೂ ಕಂಡು "ಎರಡು ನಿಮಿಷ, ಜನ ಇದ್ದಾರೆ" ಎಂದು ಕೂಗುತ್ತಿದ್ದರು. ಲಾಂಚ್ ನಿಲ್ಲುತ್ತಿತ್ತು. ದಿಬ್ಬಣದವರಿಗೆ, ಕಾಯಿಲೆಯವರಿಗೆ, ಶಾಲೆಯ ಮಕ್ಕಳಿಗೆ ನಿಂತೇ ನಿಲ್ಲುತ್ತಿತ್ತು. ಟವೆಲ್ ಬೀಸಿದ ಮೇಲೂ ನಮ್ಮನ್ನು ಬಿಟ್ಟುಹೋದ ಲಾಂಚನ್ನು ನಾನು ನೋಡಿದ ನೆನಪಿಲ್ಲ.

ಇರಲಿ. ಮಗಳು ಫೋನ್ ಮಾಡಿ, "ಅಪ್ಪಾ, ಟಿಕೆಟ್ ನಾನು ಮಾಡ್ತೀನಿ" ಎಂದಳು. ನನಗೆ ಸಿಟ್ಟು ಬಂತು. ಊರಿಗೆಲ್ಲ ಟಿಕೆಟ್ ಮಾಡುವವನು ಮಗಳ ಮದುವೆಗೆ ಮಗಳ ಕೈಯಲ್ಲಿ ಟಿಕೆಟ್ ಮಾಡಿಸಿಕೊಳ್ಳುವುದೇ? ನಾನೇ ಕುಳಿತು ಮಾಡಿದೆ. ಶುಕ್ರವಾರ ಬೆಳಿಗ್ಗೆ ಶಿವಮೊಗ್ಗದಿಂದ ಬೆಂಗಳೂರಿಗೆ ಒಂದು ವಿಮಾನ. ಬೆಂಗಳೂರಿನಿಂದ ಇನ್ನೊಂದು ಕಂಪನಿಯ ವಿಮಾನ, ಕೋಲ್ಕತ್ತಾದಲ್ಲಿ ನಿಂತು ದಿಬ್ರುಗಢಕ್ಕೆ. ಎರಡರ ನಡುವೆ ಒಂದು ಗಂಟೆ ಹತ್ತು ನಿಮಿಷ. ಅಷ್ಟು ಹೊತ್ತಿನಲ್ಲಿ ಸಾಗರ ನಿಲ್ದಾಣದಲ್ಲಿ ನಾಲ್ಕು ಬಸ್ಸು ಬದಲಿಸಬಹುದು ಎಂದು ನನ್ನ ಲೆಕ್ಕ. ಸಂಜೆಗೆ ತಲುಪುತ್ತೇವೆ, ಶನಿವಾರ ಸಂಜೆ ಅರಿಶಿನ, ಅಕ್ಕನಿಗೆ ಬರೆಯಲು ಹೆಚ್ಚು ಕಡಿಮೆ ಒಂದು ದಿನ ಸಿಗುತ್ತದೆ. ನನ್ನ ಮತ್ತು ಅಕ್ಕನ ಬೋರ್ಡಿಂಗ್ ಪಾಸುಗಳನ್ನು ಬಣ್ಣದಲ್ಲಿ ತೆಗೆದು, ಹಾಳಾಗದಿರಲಿ ಎಂದು ನಾಲ್ಕಕ್ಕೂ ಲ್ಯಾಮಿನೇಷನ್ ಮಾಡಿದೆ.

ಅಕ್ಕನಿಗೆ ಮಾತ್ರ ಇದ್ಯಾವುದನ್ನೂ ಹೇಳಲಿಲ್ಲ. ಇಷ್ಟು ಜನರಿಗೆ ಹಂಚಿದ ಮೂರು ಗಂಟೆ ನಲವತ್ತು ನಿಮಿಷವನ್ನು ವಾಪಸು ಪಡೆಯುವುದು ಹೇಗೆ? ನನ್ನ ಹೆಂಡತಿ ಸಿದ್ಧತೆಗೆಂದು ಹದಿನೈದು ದಿನ ಮೊದಲೇ ತನ್ನ ಅಣ್ಣನ ಜೊತೆ ರೈಲಿನಲ್ಲಿ ಹೋಗಿದ್ದಳು. ಬುದ್ಧಿವಂತೆ, ಆ ಟಿಕೆಟನ್ನು ನನ್ನ ಕೈಯಲ್ಲಿ ಮಾಡಿಸಿರಲಿಲ್ಲ.

ಶುಕ್ರವಾರ ಶಿವಮೊಗ್ಗದ ನಿಲ್ದಾಣದಲ್ಲಿ ಮಂಜು ಕವಿದಿತ್ತು. ತಪಾಸಣೆಯಲ್ಲಿ ಅಕ್ಕನ ಕೈಚೀಲದಿಂದ ಕೆಮ್ಮಣ್ಣಿನ ಉಂಡೆ, ಸುಟ್ಟ ಅಕ್ಕಿಯ ಕರಿ ಪುಡಿ, ಅಕ್ಕಿಹಿಟ್ಟು, ನಾರಿನ ಕುಂಚಗಳು ಒಂದೊಂದಾಗಿ ಹೊರಗೆ ಬಂದವು. ಭದ್ರತೆಯ ಜವಾನ ಮಣ್ಣಿನ ಉಂಡೆಯನ್ನು ಮೂಸಿ ನೋಡಿ ಹಿಂದಿಯಲ್ಲಿ ಏನೋ ಕೇಳಿದ. ನನ್ನ ಹಿಂದಿಯಲ್ಲಿ ನಾನು ಕೊಟ್ಟ ವಿವರಣೆಯಿಂದ ಅವನಿಗೆ ಅನುಮಾನ ಹೆಚ್ಚಾಯಿತು. ಕೊನೆಗೆ ಅಕ್ಕ ತನ್ನ ಚೀಲದಲ್ಲಿದ್ದ ಹಳೆಯ ಹಸೆಯ ಫೋಟೋ ತೆಗೆದು ತೋರಿಸಿದಳು. ಅವನು ನಕ್ಕು ಕೈಮುಗಿದು ಬಿಟ್ಟ.

ವಿಮಾನ ಬರಬೇಕಾದ ಹೊತ್ತಿಗೆ ಮಂಜು ಕರಗಿರಲಿಲ್ಲ. ಮೇಲೆ ಎಲ್ಲೋ ಸುತ್ತುವ ಸದ್ದು ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಕೊನೆಗೆ ಇಳಿದು, ನಮ್ಮನ್ನು ಹತ್ತಿಸಿಕೊಂಡು ಹೊರಡುವಾಗ ಸುಮಾರು ಇಪ್ಪತ್ತು ನಿಮಿಷ ತಡವಾಗಿತ್ತು. ಅಕ್ಕ ಕಿಟಕಿಗೆ ಮುಖ ಹಚ್ಚಿ ಕುಳಿತು ತುಂಬಾ ಖುಷಿಯಲ್ಲಿದ್ದಳು. ನಾನು ಮೊದಲ ಸಲ ಹಾರುತ್ತಿದ್ದೇನೆ ಎಂಬುದನ್ನೇ ಮರೆತು ಗಡಿಯಾರ ನೋಡುತ್ತಿದ್ದೆ.

ಬೆಂಗಳೂರಿನಲ್ಲಿ ಇಳಿದಾಗ ಅಕ್ಕ, "ಬಂತಾ?" ಎಂದಳು.

"ಇಲ್ಲ, ಇಲ್ಲಿ ಸ್ವಲ್ಪ ಬದಲಿಸ್ಬೇಕು."

"ಸ್ವಲ್ಪ ಬದಲಿಸೋದಕ್ಕೆ ಯಾಕೆ ಓಡ್ತೀಯ?"

ಆ ನಿಲ್ದಾಣದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ನಮ್ಮಲ್ಲಿ ಒಂದು ಊರಿನಿಂದ ಪಕ್ಕದ ಊರಿಗೆ ಹೋದ ಹಾಗೆ. ಹೊರಗೆ ಬಂದು, ಮತ್ತೆ ಒಳಗೆ ಹೋಗಿ, ಮತ್ತೆ ಮಣ್ಣಿನ ಉಂಡೆ ಮೂಸಿಸಿ, ಅಕ್ಕನ ಕೈ ಹಿಡಿದು ಎಳೆದುಕೊಂಡು ಓಡಿದೆ. ಒಂದು ಕಡೆ ಯಂತ್ರ ನನ್ನ ಲ್ಯಾಮಿನೇಷನ್ನಿನ ಹೊಳಪಿಗೆ ಪಾಸನ್ನೇ ಓದಲಿಲ್ಲ. ಅದನ್ನು ಓರೆ ಮಾಡಿ, ನೆರಳು ಮಾಡಿ, ಅಂಗಿಗೆ ಒರೆಸಿ ಓದಿಸುವಷ್ಟರಲ್ಲಿ ಇನ್ನಷ್ಟು ಹೊತ್ತು ಹೋಯಿತು. ಗೇಟಿನ ಹತ್ತಿರ ಬಂದಾಗ ವಿಮಾನ ಹೊರಡಲು ಹತ್ತು ನಿಮಿಷವಿತ್ತು. ಬಾಗಿಲು ಮುಚ್ಚಿತ್ತು. ಗಾಜಿನ ಆಚೆ ವಿಮಾನ ಅಲ್ಲೇ ನಿಂತಿತ್ತು, ಎದುರು ದಡದ ಬಸ್ಸಿನ ಹಾಗೆ.

ಆಗ ನಾನು ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ಕೈ ತಾನಾಗಿ ಹೆಗಲಿಗೆ ಹೋಯಿತು. ಟವೆಲ್ ತೆಗೆದು, ಗಾಜಿನ ಮುಂದೆ ನಿಂತು, ವಿಮಾನದ ಕಡೆಗೆ ಬೀಸತೊಡಗಿದೆ. "ಎರಡು ನಿಮಿಷ! ಜನ ಇದ್ದೀವಿ! ಎರಡು ನಿಮಿಷ!" ಎಂದು ಕೂಗಿಯೂ ಕೂಗಿದೆ. ಕುರ್ಚಿಗಳಲ್ಲಿ ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬರು ಫೋನ್ ಎತ್ತಿ ಹಿಡಿದರು. ಆ ವಿಡಿಯೋ ಇವತ್ತಿಗೂ ಯಾರ ಫೋನಿನಲ್ಲಿದೆಯೋ ದೇವರೇ ಬಲ್ಲ.

ಗೇಟಿನಲ್ಲಿದ್ದ ಹುಡುಗಿ ಓಡಿ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ಟವೆಲ್ಲನ್ನೂ ಮುಖವನ್ನೂ ನೋಡಿ, "ಇದು ಲಾಂಚ್ ಅಲ್ಲ ಮಾರಾಯ್ರೆ, ನಿಲ್ಲಲ್ಲ" ಎಂದಳು.

ಕೈ ಅಲ್ಲೇ ನಿಂತಿತು. "ನಿಮ್ದು ಯಾವೂರು?" ಎಂದೆ.

"ತೀರ್ಥಹಳ್ಳಿ. ಸಣ್ಣೋಳಿದ್ದಾಗ ಲಾಂಚಲ್ಲಿ ಸಿಗಂದೂರಿಗೆ ಹೋಗ್ತಾ ಇದ್ವಿ. ನಮ್ಮಪ್ಪನೂ ಹೀಗೇ ಬೀಸಿದ್ರು ಒಂದ್ಸಲ."

ನಮ್ಮ ಕಡೆಯವಳು ಎಂದು ಗೊತ್ತಾದ ಮೇಲೆ ನನಗೆ ಆಸೆ ಹುಟ್ಟಿತು. ಮಗಳ ಮದುವೆ, ಹಸೆ ಬರೆಯಬೇಕು, ಅಕ್ಕ ಇಲ್ಲದೆ ಆಗುವುದಿಲ್ಲ ಎಂದು ಎಲ್ಲ ಹೇಳಿದೆ. ಅವಳಿಗೆ ಬೇಸರವಾದದ್ದು ಕಾಣುತ್ತಿತ್ತು. ಆದರೆ ವಿಮಾನ ಹಿಂದೆ ಸರಿಯಿತು. ಅವಳು ತನ್ನ ಕಂಪ್ಯೂಟರಿನ ಮುಂದೆ ಕುಳಿತು ಮರುದಿನ ಬೆಳಿಗ್ಗೆಯ ವಿಮಾನಕ್ಕೆ ಸೀಟು ಮಾಡಿಕೊಟ್ಟಳು. ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ದಿಬ್ರುಗಢ.

ಮಗಳಿಗೆ ಫೋನ್ ಮಾಡಿದೆ. "ಇಲ್ಲಿ ಈಗ ಐದಕ್ಕೆಲ್ಲ ಕತ್ತಲಾಗತ್ತೆ ಅಪ್ಪಾ. ಅರಿಶಿನ ನಾಲ್ಕಕ್ಕೇ ಇಟ್ಟಿದೀವಿ. ಅತ್ತೆಗೆ ಬೇಜಾರು ಮಾಡ್ಕೋಬೇಡ ಅಂತ ಹೇಳು, ಗೋಡೆ ಖಾಲಿ ಇದ್ರೂ ಪರವಾಗಿಲ್ಲ" ಎಂದಳು. ಪರವಾಗಿಲ್ಲ ಎಂಬುದನ್ನು ಎರಡು ಸಲ ಹೇಳಿದಳು. ನನಗೆ ಅಲ್ಲೇ ನೆಲದಲ್ಲಿ ಇಳಿದುಹೋಗಬೇಕು ಅನ್ನಿಸಿತು.

ನಿಲ್ದಾಣದಿಂದ ತುಸು ದೂರದಲ್ಲಿ ಒಂದು ಲಾಡ್ಜ್ ಹಿಡಿದೆವು. ಕೋಣೆಯಲ್ಲಿ ಕುಳಿತು ಅಕ್ಕನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಆ ಪುಟ, ಆ ಗೆರೆ, ಇಲ್ಲದ ವಿಮಾನ, ಮಗಳು ಮಾಡುತ್ತೇನೆಂದ ಟಿಕೆಟ್ಟು.

"ಗೊತ್ತಿತ್ತು" ಎಂದಳು ಅಕ್ಕ.

"ಎಂತ ಗೊತ್ತಿತ್ತು?"

"ಕಂಡಿದ್ದೆಲ್ಲ ಹತ್ರ ಅಂತ ನಂಬೋಕೆ ನಾನೇನು ಈಚೆ ದಡದೋಳಾ? ನೀನು ಮೂರು ಗಂಟೆ ಅಂದಾಗ್ಲೇ ಅಂದ್ಕೊಂಡೆ, ಇವ್ನು ನೀರು ಲೆಕ್ಕ ಹಾಕಿಲ್ಲ ಅಂತ. ಅದಕ್ಕೇ ಬಣ್ಣ ಎಲ್ಲ ಕೈಚೀಲದಲ್ಲೇ ಇಟ್ಕೊಂಡಿದ್ದು."

"ಮತ್ತೆ ಹೇಳ್ಬಾರ್ದಿತ್ತಾ?"

"ಅಷ್ಟು ಜಂಬದಲ್ಲಿ ಹೇಳ್ತಾ ಇದ್ದೆ. ಮಗಳ ಮದ್ವೆ, ಹೋಗ್ಲಿ ಅಂತ ಬಿಟ್ಟೆ."

ಹೇಳಿ, ಅವಳು ಕೋಣೆಯ ಬಿಳಿ ಗೋಡೆಯನ್ನು ಒಂದು ಸಲ ಸವರಿ ನೋಡಿದಳು. ಬಾಗಿಲಲ್ಲಿ ಹಾದುಹೋಗುತ್ತಿದ್ದ ಲಾಡ್ಜಿನ ಮ್ಯಾನೇಜರ್ ಮೇಜಿನ ಮೇಲಿದ್ದ ಕೆಮ್ಮಣ್ಣನ್ನು ಕಂಡು ಅಲ್ಲೇ ನಿಂತ. ಅಕ್ಕ ಅವನ ಕಡೆ ನೋಡದೆ ನನ್ನನ್ನು ಕೇಳಿದಳು.

"ನಿನ್ ಪಂಚೆ ಎಲ್ಲಿದೆ?"

"ಬ್ಯಾಗಲ್ಲಿದೆ. ಯಾಕೆ?"

"ತೆಗಿ."

"ಅಕ್ಕಾ, ಅದು ಮದ್ವೆಗೆ ಉಡೋದು. ಜರಿ ಅಂಚಿಂದು."

"ಉಟ್ಕೊಂಡು ಎಂತ ಮಾಡ್ತೀಯ? ಟಿಕೆಟ್ ಮಾಡ್ತೀಯಾ?"

ತೆಗೆದುಕೊಟ್ಟೆ. ಎರಡು ಮಂಚದ ಕಾಲುಗಳಿಗೆ ಕಟ್ಟಿ ಪಂಚೆಯನ್ನು ಬಿಗಿ ಮಾಡಿದೆವು. ಬಕೆಟಿನ ಮಗ್ಗಿನಲ್ಲಿ ಕೆಮ್ಮಣ್ಣು ಕಲಸಿ ಬಳಿದಳು. ನನ್ನ ಮಡಿ ಪಂಚೆ ನೋಡನೋಡುತ್ತಿದ್ದ ಹಾಗೆ ಗೋಡೆಯಾಯಿತು. ಒಣಗಿಸಲು ಫ್ಯಾನ್ ಹಾಕಿ ಇಬ್ಬರೂ ಮೊಸರನ್ನ ತಿಂದು ಬಂದೆವು. ಆಮೇಲೆ ಅವಳು ಕುಂಚ ಹಿಡಿದಳು. ನನ್ನ ಕೆಲಸ ಅಂಚು ಹಿಡಿದು ಎಳೆಯುವುದು. ಸಡಿಲ ಬಿಟ್ಟರೆ ಗೆರೆ ಸೊಟ್ಟವಾಗುತ್ತಿತ್ತು, ಸೊಟ್ಟವಾದಾಗಲೆಲ್ಲ ಬೈಗುಳ ಬೀಳುತ್ತಿತ್ತು. ಅರವತ್ತು ದಾಟಿದ ಬೆರಳು, ಬೆಳಗಿನಿಂದ ಓಡಿದ ಮೈ. ಆದರೂ ಗೆರೆ ಒಂದು ಕೂದಲೆಳೆಯಷ್ಟೂ ನಡುಗಲಿಲ್ಲ. ಬೇರೆಯವರ ಮನೆಯಲ್ಲಿ ಇದನ್ನು ನೂರು ಸಲ ನೋಡಿದ್ದೆ. ಪಕ್ಕದಲ್ಲಿ ಕುಳಿತು, ಬೇರೆ ಏನೂ ಮಾಡಲಾಗದೆ ನೋಡಿದ್ದು ಅದೇ ಮೊದಲು. ಅಕ್ಕನ ಬಗ್ಗೆ ನನಗೆ ಎಷ್ಟು ಹೆಮ್ಮೆ ಎಂಬುದು ಆವತ್ತು ನನಗೇ ತಿಳಿಯಿತು.

ನಡುರಾತ್ರಿಯ ಹೊತ್ತಿಗೆ ಎಲ್ಲ ಮುಗಿದು ದಂಡಿಗೆಯ ಪಕ್ಕದ ಒಂದು ಮೂಲೆ ಉಳಿದಿತ್ತು. "ಇದೊಂಚೂರು ಇದೆ, ನೀನು ಮಲ್ಕೋ ಹೋಗು" ಎಂದಳು. ಬೆಳಿಗ್ಗೆ ಎದ್ದಾಗ ಅವಳು ಪಂಚೆಯನ್ನು ಹಾಳೆಯ ಸಮೇತ ನನ್ನ ಉದ್ದ ಕೊಡೆಗೆ ಸುತ್ತಿ ಕಟ್ಟಿ ಇಟ್ಟಿದ್ದಳು.

ಆ ಕೊಡೆಯನ್ನು ನಾನು ಹಸುಗೂಸನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ದಿಬ್ರುಗಢದವರೆಗೆ ಹೋದೆ. ಅಂಗಿಯ ತುಂಬ ಕೆಂಪು ಪುಡಿ. ಮದುವೆಯ ಮನೆ ತಲುಪುವಾಗ ನಾಲ್ಕಕ್ಕೆ ಐದು ನಿಮಿಷವಿತ್ತು, ಬಿಸಿಲು ಆಗಲೇ ಬಾಡಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಪಂಚೆ ಉಟ್ಕೊಂಡು ಬನ್ನಿ ಬೇಗ" ಎಂದಳು.

ನಾನು ಕೊಡೆಯನ್ನು ತೋರಿಸಿದೆ. ಅವಳಿಗೆ ಅರ್ಥವಾಗಲಿಲ್ಲ. ಹುಡುಗನ ಮನೆಯವರು ಇಬ್ಬರು ಕುರ್ಚಿ ಹತ್ತಿ ಅದನ್ನು ಗೋಡೆಗೆ ಬಿಗಿದಾಗ ಅರ್ಥವಾಯಿತು. ಅಲ್ಲಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ಅಕ್ಕ ಬೆರಳಿಗೆ ನೀರು ಮಾಡಿಕೊಂಡು ಅವನ್ನೆಲ್ಲ ಒತ್ತಿ ಮುಚ್ಚಿದಳು. ಕೆಳಗಡೆ ನನ್ನ ಜರಿ ಅಂಚು ಒಂದು ಗೇಣು ಹಾಗೇ ಹೊಳೆಯುತ್ತಿತ್ತು. ಬಂದವರು ಅದೂ ಚಿತ್ತಾರದ್ದೇ ಎಂದುಕೊಂಡರು.

ಮಗಳು ಹಳದಿ ಸೀರೆಯುಟ್ಟು ಒಳಗಿನಿಂದ ಬಂದಳು. ಹಸೆಯನ್ನು ನೋಡಿ ಮೊದಲು ಅತ್ತೆಯನ್ನು ತಬ್ಬಿಕೊಂಡಳು. ಆಮೇಲೆ ಹತ್ತಿರ ಹೋಗಿ, ಸಣ್ಣವಳಿದ್ದಾಗ ನೋಡುತ್ತಿದ್ದ ಹಾಗೆ, ಒಂದೊಂದೇ ಗೆರೆಯ ಮೇಲೆ ಕಣ್ಣು ಆಡಿಸಿದಳು. ದಂಡಿಗೆಯ ಪಕ್ಕದ ಮೂಲೆಗೆ ಬಂದಾಗ ಕಣ್ಣು ನಿಂತಿತು.

"ಅತ್ತೆ, ಇದ್ಯಾರು? ಹಸೆಯಲ್ಲಿ ಇದು ಇರಲ್ವಲ್ಲ."

ನಾನೂ ಬಗ್ಗಿ ನೋಡಿದೆ. ಒಂದು ಪುಟ್ಟ ಬೊಂಬೆ, ಎರಡು ತ್ರಿಕೋನದ ಮೈ, ಕಡ್ಡಿಯಂಥ ಕೈಕಾಲು. ಒಂದು ಕೈ ಮೇಲಕ್ಕೆತ್ತಿತ್ತು. ಕೈಯಲ್ಲಿ ಬಟ್ಟೆಯ ತುಂಡು.

"ನಿಮ್ಮಪ್ಪ" ಎಂದಳು ಅಕ್ಕ. "ವಿಮಾನಕ್ಕೆ ಟವೆಲ್ ಬೀಸಿದ, ಗೊತ್ತಾ? ಎರಡು ನಿಮಿಷ ನಿಲ್ಸಿ ಅಂತ. ನಂಗೆ ವಿಮಾನ ಬರೆಯೋಕೆ ಬರಲ್ಲ. ಹಾಗಾಗಿ ದಂಡಿಗೆಗೇ ಬೀಸ್ಲಿ ಅಂತ ಬಿಟ್ಟೆ."

ಸುತ್ತ ಇದ್ದ ನಮ್ಮವರು ನಕ್ಕರು. ನಾನೂ ನಗಲು ಬಾಯಿ ತೆರೆದೆ. ಕೆಂಪು ಮಣ್ಣಿನ ಮೇಲೆ ಮಗಳನ್ನು ಕೂರಿಸಿಕೊಂಡು ದಂಡಿಗೆ ಹೊರಟಿತ್ತು. ಹಿಂದೆ ನಾನು ಟವೆಲ್ ಎತ್ತಿ ನಿಂತಿದ್ದೆ. ನಗು ಬರಲಿಲ್ಲ. ಮಗಳೂ ನಗಲಿಲ್ಲ.

ಒಳಗಿನಿಂದ ಹುಡುಗನ ಮನೆಯವರು ಯಾರೋ ಹೊತ್ತಾಯಿತು ಎಂಬಂತೆ ಕರೆದರು. ಅವಳು ಅವರಿಗೆ ತಾನು ಕಲಿತ ಅಲ್ಲಿಯ ಭಾಷೆಯಲ್ಲಿ ಏನೋ ಹೇಳಿ, ಮಣ್ಣು ಮೆತ್ತಿದ ನನ್ನ ಕೈ ಹಿಡಿದು, ಹಸೆಯ ಮುಂದಿನ ಚಾಪೆಯ ಮೇಲೆ ತನ್ನ ಪಕ್ಕ ಕೂರಿಸಿಕೊಂಡಳು.

"ಅವ್ರಿಗೆ ಎಂತ ಹೇಳ್ದೆ?" ಎಂದು ಕೇಳಿದೆ.

"ಎರಡು ನಿಮಿಷ ಅಂದೆ ಅಪ್ಪಾ."